ವಿಮಾನ ಹತ್ತೋಕೆ ಮೈ ಎಷ್ಟು ತೋರಿಸಬೇಕು?

ಬೆಲ್ಟ್ ಬಿಚ್ಚಿ, ಲ್ಯಾಪ್‌ಟಾಪ್ ಹೊರಗೆ ತೆಗೆದು, ಪರ್ಸು, ಫೋನು, ವಾಚು ಎಲ್ಲವನ್ನೂ ಟ್ರೇಗೆ ಸುರಿದು, ಎರಡು ಕೈ ಅಗಲಿಸಿ ನಿಲ್ಲೋದು ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ವಿಮಾನದ ಜೊತೆಗೇ ಈ ಪದ್ಧತಿಯೂ ಹುಟ್ಟಿತು ಅಂತ ಅಂದುಕೊಂಡುಬಿಟ್ಟಿದ್ದೇವೆ. ಹಾಗೇನೂ ಇಲ್ಲ. ಟಿಕೆಟ್ ಕೊಂಡ ಜನರನ್ನು ಹೊತ್ತು ವಿಮಾನ ಹಾರಲು ಶುರುಮಾಡಿದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರೂ ಪ್ರಯಾಣಿಕರ ಮೈ ಮುಟ್ಟುತ್ತಿರಲಿಲ್ಲ. ಬ್ಯಾಗ್ ಕೂಡ ತೆರೆಸುತ್ತಿರಲಿಲ್ಲ.

ಅರವತ್ತರ ದಶಕದ ಅಮೆರಿಕದಲ್ಲಿ ವಿಮಾನ ಹತ್ತೋದು ಹೆಚ್ಚುಕಮ್ಮಿ ನಮ್ಮೂರಿನ ಕೆಂಪು ಬಸ್ಸು ಹತ್ತಿದ ಹಾಗಿತ್ತು. ಈಸ್ಟರ್ನ್ ಏರ್‌ಲೈನ್ಸ್‌ನವರು 1961ರಲ್ಲಿ ಶುರುಮಾಡಿದ ಶಟಲ್ ವಿಮಾನದಲ್ಲಿ ಹತ್ತಿ ಕೂತ ಮೇಲೆ ಟಿಕೆಟ್ ಕೊಳ್ಳಬಹುದಿತ್ತು, ಥೇಟ್ ನಮ್ಮ ಕಂಡಕ್ಟರ್ ಬಂದು ಹರಿದುಕೊಟ್ಟ ಹಾಗೆ. ಬೀಳ್ಕೊಡಲು ಬಂದವರು ಗೇಟಿನ ತನಕ ಬಂದು ಕೈ ಬೀಸಿ ಹೋಗುತ್ತಿದ್ದರು. ನಿಮ್ಮ ಜೇಬಿನಲ್ಲಿ ಏನಿದೆ ಅನ್ನೋದು ನಿಮಗೆ ಮಾತ್ರ ಗೊತ್ತಿರುತ್ತಿತ್ತು.

ಅದೇ 1961ರ ಮೇ ತಿಂಗಳಲ್ಲಿ ಫ್ಲಾರಿಡಾದಿಂದ ಹೊರಟ ಒಂದು ಸಣ್ಣ ವಿಮಾನವನ್ನು ಒಬ್ಬ ಕ್ಯೂಬಾಕ್ಕೆ ತಿರುಗಿಸಿಕೊಂಡು ಹೋದ. ಆಮೇಲೆ ಅದೊಂದು ಚಾಳಿಯೇ ಆಯಿತು. 1968ರಿಂದ 1972ರ ನಡುವೆ ಅಮೆರಿಕದಲ್ಲಿ 130ಕ್ಕೂ ಹೆಚ್ಚು ಅಪಹರಣದ ಪ್ರಯತ್ನಗಳು ನಡೆದವು. ಇಷ್ಟಾದರೂ ವಿಮಾನ ಕಂಪನಿಗಳು ಎಲ್ಲರನ್ನೂ ತಪಾಸಣೆ ಮಾಡೋಣ ಅನ್ನೋ ಮಾತಿಗೆ ಒಪ್ಪಲಿಲ್ಲ. ಗಿರಾಕಿಯನ್ನು ಕಳ್ಳನ ಹಾಗೆ ನಿಲ್ಲಿಸಿ ಜೇಬು ನೋಡಿದರೆ ಅವನು ಮತ್ತೆ ನಮ್ಮ ವಿಮಾನ ಹತ್ತುತ್ತಾನಾ ಅನ್ನೋ ಭಯ ಅವರದು. ಅಪಹರಣ ಆದ್ರೂ ವಿಮಾನ ಹವಾನಾಕ್ಕೆ ಹೋಗಿ, ಒಂದೆರಡು ದಿನದಲ್ಲಿ ಜನರ ಸಮೇತ ವಾಪಸ್ ಬರುತ್ತೆ, ಹಾಗಾಗಿ ಅಪಹರಣಕಾರ ಹೇಳಿದ ಹಾಗೆ ಕೇಳೋದೇ ಅಗ್ಗ ಅಂತ ಲೆಕ್ಕ ಹಾಕಿದ್ದರು. ವ್ಯಾಪಾರದ ಲೆಕ್ಕವೇ ಇರಲಿ, ಒಂದು ವಿಷಯ ಗಮನಿಸಿ: ಅವತ್ತಿನ ಕಂಪನಿಗಳಿಗೆ ಪ್ರಯಾಣಿಕನ ಮೈ ಮುಟ್ಟೋದು ಅವನಿಗೆ ಮಾಡುವ ಅವಮಾನ ಅಂತ ಅನ್ನಿಸಿತ್ತು.

ಆ ಲೆಕ್ಕ ಉಲ್ಟಾ ಆಗಿದ್ದು 1972ರ ನವೆಂಬರ್‌ನಲ್ಲಿ. ಸದರ್ನ್ ಏರ್‌ವೇಸ್‌ನ ವಿಮಾನವೊಂದನ್ನು ಹಿಡಿದ ಮೂವರು 1 ಕೋಟಿ ಡಾಲರ್ ಕೊಡದಿದ್ದರೆ ಓಕ್ ರಿಡ್ಜ್‌ನ ಅಣು ಸ್ಥಾವರದ ಮೇಲೆ ವಿಮಾನ ಬೀಳಿಸುತ್ತೇವೆ ಅಂದರು. ಅಂದರೆ ವಿಮಾನವೇ ಬಾಂಬ್ ಆಗಬಹುದು. ಎರಡೇ ತಿಂಗಳಲ್ಲಿ, 1973ರ ಜನವರಿ 5ರಿಂದ, ಅಮೆರಿಕದ ಎಲ್ಲ ವಿಮಾನ ಪ್ರಯಾಣಿಕರೂ ಮೆಟಲ್ ಡಿಟೆಕ್ಟರ್ ದಾಟಲೇಬೇಕು, ಕೈಚೀಲ ತೋರಿಸಲೇಬೇಕು ಅಂತ ನಿಯಮ ಬಂತು. ಆ ವರ್ಷ ಅಲ್ಲಿ ಅಪಹರಣಗಳು ಬೆರಳೆಣಿಕೆಗೆ ಇಳಿದವು. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ತಪಾಸಣೆ ಬರೀ ನಾಟಕ ಅನ್ನೋರು 1972 ಮತ್ತು 1973ನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಯಾವ ಅನುಮಾನವೂ ಇಲ್ಲದ ಕೋಟಿಗಟ್ಟಲೆ ಜನರನ್ನು ಹೀಗೆ ಹುಡುಕಲು ಸರ್ಕಾರಕ್ಕೆ ಹಕ್ಕಿದೆಯಾ? ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಸಕಾರಣವಿಲ್ಲದ ಶೋಧವನ್ನು ಒಪ್ಪಲ್ಲ. 1973ರಲ್ಲಿ ಅಲ್ಲಿನ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಡೇವಿಸ್ ಎಂಬುವನ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಮಾಡಬಹುದು, ಆದರೆ ಕೆಲವು ಷರತ್ತುಗಳಿವೆ. ಹುಡುಕಾಟ ಆಯುಧ ಮತ್ತು ಸ್ಫೋಟಕಗಳಿಗೆ ಮಾತ್ರ ಸೀಮಿತವಾಗಿರಬೇಕು. ಇವತ್ತಿನ ತಂತ್ರಜ್ಞಾನದಲ್ಲಿ ಅವುಗಳನ್ನು ಪತ್ತೆಹಚ್ಚೋಕೆ ಎಷ್ಟು ಬೇಕೋ ಅದಕ್ಕಿಂತ ಒಂದು ಗೆರೆಯೂ ಹೆಚ್ಚಿರಬಾರದು. ಬೇಡ ಅನ್ನಿಸಿದವನಿಗೆ ವಿಮಾನ ಹತ್ತದೆ ವಾಪಸ್ ಹೋಗುವ ದಾರಿ ಇರಬೇಕು.

ಕೋಡ್ ಬರೆಯುವವನಾದ ನನಗೆ ಇದು ತೀರ್ಪಿಗಿಂತ ಹೆಚ್ಚಾಗಿ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಥರ ಕಾಣುತ್ತೆ. ‘ಇವತ್ತಿನ ತಂತ್ರಜ್ಞಾನದಲ್ಲಿ’ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ತಂತ್ರಜ್ಞಾನ ಬದಲಾದರೆ, ಎಷ್ಟು ಮೈ ತೋರಿಸಬೇಕು ಅನ್ನೋ ಉತ್ತರವೂ ಬದಲಾಗಬೇಕು ಅಂತ ಅದರ ಅರ್ಥ. ಮುಂದಿನ ಕತೆಯೆಲ್ಲ ಈ ಒಂದು ಸಾಲಿನ ಸುತ್ತಲೇ ಇದೆ.

ಈಗ ನಮ್ಮ ದೇಶಕ್ಕೆ ಬರೋಣ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ಅನ್ನೋ ಫೋಕರ್ ವಿಮಾನವನ್ನು ಇಬ್ಬರು ಯುವಕರು ಲಾಹೋರಿಗೆ ತಿರುಗಿಸಿದರು. ಅವರ ಕೈಯಲ್ಲಿದ್ದ ಪಿಸ್ತೂಲೂ ನಕಲಿ, ಗ್ರೆನೇಡೂ ನಕಲಿ. ಪ್ರಯಾಣಿಕರು ಬದುಕಿ ಬಂದರು, ವಿಮಾನವನ್ನು ಲಾಹೋರಿನಲ್ಲಿ ಸುಟ್ಟರು. 1978ರ ಡಿಸೆಂಬರ್‌ನಲ್ಲಿ ಇನ್ನಿಬ್ಬರು, ಇಂದಿರಾ ಗಾಂಧಿಯವರನ್ನು ಜೈಲಿನಿಂದ ಬಿಡಬೇಕು ಅಂತ ದೆಹಲಿಗೆ ಹೊರಟಿದ್ದ ವಿಮಾನವನ್ನು ವಾರಾಣಸಿಯಲ್ಲಿ ಇಳಿಸಿದರು. ಅವರ ಆಯುಧ? ಆಟಿಕೆ ಪಿಸ್ತೂಲು ಮತ್ತು ಬಟ್ಟೆ ಸುತ್ತಿದ ಕ್ರಿಕೆಟ್ ಚೆಂಡು. ನಗು ಬರುತ್ತೆ, ಆದರೆ ಮುಂದೆ ಅವರಿಬ್ಬರೂ ಉತ್ತರ ಪ್ರದೇಶದಲ್ಲಿ ಶಾಸಕರಾದರು ಅನ್ನೋದನ್ನ ಕೇಳಿದ ಮೇಲೆ ನಗುವೂ ನಿಂತುಹೋಗುತ್ತೆ. ಇರಲಿ, ಇಲ್ಲಿ ನನಗೆ ಬೇಕಾದ ಮಾತು ಇಷ್ಟೇ: ಮರದ ಪಿಸ್ತೂಲು, ಚರ್ಮದ ಚೆಂಡು ಯಾವ ಮೆಟಲ್ ಡಿಟೆಕ್ಟರ್‌ಗೂ ಸಿಗಲ್ಲ. ಕಣ್ಣು ಮತ್ತು ಕೈ ಎರಡೇ ಅವನ್ನು ಹಿಡಿಯಬಲ್ಲವು.

ವಿಮಾನ ಭದ್ರತೆ ನೋಡಿಕೊಳ್ಳುವ ಬಿಸಿಎಎಸ್ ಅನ್ನೋ ಸಂಸ್ಥೆ 1978ರ ಜನವರಿಯಲ್ಲಿ ಡಿಜಿಸಿಎಯ ಒಳಗೆ ಒಂದು ಸಣ್ಣ ಘಟಕವಾಗಿ ಹುಟ್ಟಿತ್ತು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡ್ ಸಮುದ್ರತೀರದಾಚೆ ಆಕಾಶದಲ್ಲೇ ಸಿಡಿದು 329 ಜನ ಸತ್ತರು. ಬಾಂಬ್ ಇದ್ದದ್ದು ಯಾರ ಮೈಮೇಲೂ ಅಲ್ಲ, ಒಳಗೆ ಹಾಕಲು ಕೊಟ್ಟಿದ್ದ ಸೂಟ್‌ಕೇಸಿನಲ್ಲಿ. ಅದನ್ನು ಕೊಟ್ಟವನು ವಿಮಾನವನ್ನೇ ಹತ್ತಿರಲಿಲ್ಲ. ಈ ದುರಂತದ ನಂತರ, 1987ರ ಏಪ್ರಿಲ್‌ನಲ್ಲಿ ಬಿಸಿಎಎಸ್ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐಸಿ 814 ಕಂದಹಾರ್ ಸೇರಿತು. ಅದಾದ ಮೇಲೆ ಅಲ್ಲಿಯವರೆಗೆ ರಾಜ್ಯ ಪೊಲೀಸರ ಕೈಯಲ್ಲಿದ್ದ ನಿಲ್ದಾಣಗಳ ಭದ್ರತೆ ಒಂದೊಂದಾಗಿ ಸಿಐಎಸ್ಎಫ್‌ಗೆ ಬಂತು. ಮೊದಲನೆಯದು 2000ದ ಫೆಬ್ರವರಿಯಲ್ಲಿ ಜೈಪುರ. ನಾವು ನೀವು ಇವತ್ತು ನೋಡುವ ಖಾಕಿ ಸಮವಸ್ತ್ರ, ಕೈಯಲ್ಲಿ ಹಿಡಿದ ಕೀಂಗುಡುವ ಕೋಲು, ಎತ್ತರದ ಮಣೆ, ಈ ದೃಶ್ಯ ಪೂರ್ತಿಯಾದದ್ದು ಆಗ.

ನಮ್ಮಲ್ಲಿ ಒಂದು ವಿಶೇಷ ಇದೆ. ಮೆಟಲ್ ಡಿಟೆಕ್ಟರ್ ಬಾಗಿಲು ಶಬ್ದ ಮಾಡಲಿ, ಬಿಡಲಿ, ಆಮೇಲೆ ಪ್ರತಿಯೊಬ್ಬರ ಮೈಮೇಲೂ ಕೋಲು ಮತ್ತು ಕೈ ಆಡುತ್ತೆ. ಆದರೆ ಹೆಂಗಸರಿಗೆ ಬೇರೆ ಸಾಲು, ಮಹಿಳಾ ಸಿಬ್ಬಂದಿ ಮತ್ತು ಒಂದು ಪರದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಯಂತ್ರ ಸರಿ ಅಂದವರನ್ನು ಸಾಮಾನ್ಯವಾಗಿ ಯಾರೂ ಮುಟ್ಟಲ್ಲ, ಮುಟ್ಟುವ ಪ್ರಸಂಗ ಬಂದರೆ ಹೆಚ್ಚಾಗಿ ಎಲ್ಲರೆದುರೇ ಮುಟ್ಟುತ್ತಾರೆ, ಒಳಗೆ ಕರ್ಕೊಂಡು ಹೋಗಿ ಅಂತ ನೀವೇ ಕೇಳಬೇಕು. ನಮ್ಮಲ್ಲಿ ಎಲ್ಲರನ್ನೂ ಮುಟ್ಟುತ್ತಾರೆ, ಆದರೆ ಹೆಂಗಸರನ್ನು ಪರದೆಯ ಹಿಂದೆ. ಎರಡೂ ಖಾಸಗಿತನದ ಬಗ್ಗೆ ಎರಡು ಸಮಾಜಗಳು ಕೊಟ್ಟುಕೊಂಡ ಉತ್ತರವೇ. ಅವರಿಗೆ ಖಾಸಗಿತನ ಅಂದ್ರೆ ‘ನನ್ನನ್ನು ಮುಟ್ಟಬೇಡ’. ನಮಗೆ ‘ನಾಲ್ಕು ಜನರ ಮುಂದೆ ಮುಟ್ಟಬೇಡ’.

ಇದು ನನಗೆ ಹೊಳೆದದ್ದು ಅಮ್ಮನಿಂದ. ಕೆಲವು ವರ್ಷಗಳ ಹಿಂದೆ ಅವಳನ್ನು ಮೊದಲ ಸಲ ವಿಮಾನದಲ್ಲಿ ಯಾತ್ರೆಗೆ ಕರ್ಕೊಂಡು ಹೋಗಿದ್ದೆ. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಅರವತ್ತು ವರ್ಷ ಕಳೆದವಳು. ಸೀರೆಗೆ ನಾಲ್ಕು ಪಿನ್ನು, ಕತ್ತಿನಲ್ಲಿ ತಾಳಿ, ಸೊಂಟಕ್ಕೆ ಸಿಕ್ಕಿಸಿದ ದುಡ್ಡಿನ ಚೀಲ. ಪರದೆಯ ಹಿಂದೆ ಹೋಗಿ ಎರಡು ನಿಮಿಷದಲ್ಲಿ ಹೊರಗೆ ಬಂದಳು. ‘ಪಾಪ, ಆ ಹುಡುಗಿ ಕೇಳಿಕೊಂಡೇ ಮುಟ್ಟಿದ್ಲು ಕಣೋ’ ಅಂದಳು. ಬರುವಾಗ ಇನ್ನೊಂದು ಊರಿನ ನಿಲ್ದಾಣ. ಅಲ್ಲೂ ಪರದೆ, ಅಲ್ಲೂ ಹೆಂಗಸೇ. ಆದರೆ ಒಂದು ಮಾತಿಲ್ಲದೆ ಸೆರಗು ಸರಿಸಿ, ಚೀಲ ಎಳೆದು, ತಾಳಿಯನ್ನು ಹಿಡಿದು ನೋಡಿ ಕಳಿಸಿದ್ದರು. ಅಮ್ಮ ಹೊರಗೆ ಬಂದು ಸುಮ್ಮನೆ ಕೂತಳು. ವಿಮಾನ ಹತ್ತೋ ತನಕ ಮಾತಾಡಲಿಲ್ಲ. ‘ಏನಾಯ್ತಮ್ಮ’ ಅಂದಿದ್ದಕ್ಕೆ, ‘ಏನಿಲ್ಲ ಬಿಡು, ಸಂತೇಲಿ ಎಮ್ಮೆ ನೋಡ್ದಂಗೆ ನೋಡಿದ್ಲು’ ಅಂದಳು.

ನಿಯಮ ಒಂದೇ, ಕೋಲು ಒಂದೇ, ಪರದೆ ಒಂದೇ. ವ್ಯತ್ಯಾಸ ಇದ್ದದ್ದು ಕೇಳಿದ್ದು ಮತ್ತು ಕೇಳದೇ ಇದ್ದದ್ದರಲ್ಲಿ. ಖಾಸಗಿತನದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಎಮ್ಮೆಯ ಮಾತು ನೇರವಾಗಿತ್ತು. ಭದ್ರತೆಗೆ ಮೈ ತೋರಿಸೋಕೆ ಜನ ತಯಾರಿದ್ದಾರೆ. ಮೈಯಷ್ಟೇ ಅಂತ ಅನ್ನಿಸಿಕೊಳ್ಳೋಕೆ ತಯಾರಿಲ್ಲ.

ಈ ಅನುಭವ ದೊಡ್ಡವರಿಗಾದರೆ ಮಾತ್ರ ಅದು ಸುದ್ದಿ ಆಗುತ್ತೆ ಅನ್ನೋದು ಇನ್ನೊಂದು ಮಾತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ದೇಶದ ರಕ್ಷಣಾ ಮಂತ್ರಿಯಾಗಿದ್ದಾಗ ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಎರಡು ಸಲ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದರು ಅಂತ ಅಮೆರಿಕದ ಮಾಜಿ ಅಧಿಕಾರಿ ಸ್ಟ್ರೋಬ್ ಟಾಲ್ಬಟ್ 2004ರ ತಮ್ಮ ಪುಸ್ತಕದಲ್ಲಿ ಬರೆದರು. ಅಲ್ಲಿಯ ತನಕ ಇದು ನಮ್ಮ ಜನಕ್ಕೆ ಗೊತ್ತೇ ಇರಲಿಲ್ಲ. 2009ರಲ್ಲಿ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರನ್ನು ದೆಹಲಿಯಲ್ಲೇ ಕಾಂಟಿನೆಂಟಲ್ ಏರ್‌ಲೈನ್ಸ್‌ನವರು ತಡಕಿದರು, ಸಂಸತ್ತಿನಲ್ಲಿ ಗದ್ದಲವಾಯಿತು, ಕಂಪನಿ ಕ್ಷಮೆ ಕೇಳಿತು. 2010ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ನಮ್ಮ ರಾಯಭಾರಿಯಾಗಿದ್ದ ಮೀರಾ ಶಂಕರ್ ಅವರನ್ನು ಮಿಸಿಸಿಪ್ಪಿಯ ಜಾಕ್ಸನ್ ನಿಲ್ದಾಣದಲ್ಲಿ ಸಾಲಿನಿಂದ ಹೊರಗೆ ಕರೆದು ಮೈ ತಡವಿದರು. ಕಾರಣ, ಅವರು ಸೀರೆ ಉಟ್ಟಿದ್ದರು. ಆಗ ವಿದೇಶಾಂಗ ಮಂತ್ರಿ ನಮ್ಮ ಮದ್ದೂರಿನ ಎಸ್.ಎಂ. ಕೃಷ್ಣ. ಇದನ್ನು ಒಪ್ಪೋಕಾಗಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ ಅನ್ನೋದು ಅಮೆರಿಕದ ಉತ್ತರ.

ನಿಯಮದ ಪ್ರಕಾರವೇ ನಡೆದಿದ್ದು ನಿಜ ಇರಬಹುದು. ಸಮಸ್ಯೆ ಇರೋದೂ ಅಲ್ಲೇ. ಪ್ಯಾಂಟು ಶರಟು ಹಾಕಿದವನ ಮೈಯನ್ನು ‘ಡೀಫಾಲ್ಟ್’ ಅಂತ ಇಟ್ಟುಕೊಂಡು ಬರೆದ ನಿಯಮದಲ್ಲಿ ಸೀರೆ ಒಂದು ಅನುಮಾನ, ಸಿಖ್ಖರ ಪೇಟ ಇನ್ನೊಂದು ಅನುಮಾನ. ಹಾಗಂತ ನಾವೇನು ಕಡಿಮೆಯಿಲ್ಲ. ನಮ್ಮ ನಿಲ್ದಾಣಗಳಲ್ಲಿ ಯಾರನ್ನು ತಪಾಸಣೆ ಮಾಡಬಾರದು ಅನ್ನೋ ಒಂದು ಪಟ್ಟಿ ಇದೆ. ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿಗಳು, ಹೀಗೆ. ಯಾವ ಹುದ್ದೆಯೂ ಇಲ್ಲದ, ಒಂದು ರಾಜಕೀಯ ಮನೆತನದ ಅಳಿಯನ ಹೆಸರೂ ಅದರಲ್ಲಿತ್ತು, 2015ರಲ್ಲಿ ತೆಗೆದರು. ಅಂದರೆ ಮೈಯ ಮರ್ಯಾದೆ ನಮ್ಮಲ್ಲಿ ಬಹುಕಾಲ ಹಕ್ಕಾಗಿರಲಿಲ್ಲ, ಪದವಿಯ ಜೊತೆ ಬರುವ ಸೌಲಭ್ಯವಾಗಿತ್ತು.

ಈಗ ಯಂತ್ರಗಳ ಕತೆ. 2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯ್ಟ್‌ಗೆ ಹೋಗುತ್ತಿದ್ದ ವಿಮಾನದಲ್ಲಿ ಒಬ್ಬ ಯುವಕ ತನ್ನ ಒಳಚಡ್ಡಿಯಲ್ಲಿ ಹೊಲಿಸಿಕೊಂಡಿದ್ದ ಸ್ಫೋಟಕಕ್ಕೆ ಬೆಂಕಿ ಹಚ್ಚಲು ನೋಡಿದ. ಅದು ಸಿಡಿಯಲಿಲ್ಲ, ಸಹಪ್ರಯಾಣಿಕರು ಅವನನ್ನು ಹಿಡಿದರು. ಸ್ಫೋಟಕದ ಪುಡಿ ಲೋಹ ಅಲ್ಲ, ಮೆಟಲ್ ಡಿಟೆಕ್ಟರ್‌ಗೆ ಅದು ಕಾಣಲ್ಲ. ಆಗ ಬಾಡಿ ಸ್ಕ್ಯಾನರ್‌ಗಳನ್ನು ಅಮೆರಿಕ ಭರಭರನೆ ಅಳವಡಿಸತೊಡಗಿತು. ಎರಡು ಬಗೆ. ಒಂದು, ಮೈಗೆ ತಾಗಿ ಹಿಂದಕ್ಕೆ ಚಿಮ್ಮುವ ಕಡಿಮೆ ಪ್ರಮಾಣದ ಎಕ್ಸ್‌ರೇ ಹಿಡಿದು ಚಿತ್ರ ಮಾಡುವ ಬ್ಯಾಕ್‌ಸ್ಕ್ಯಾಟರ್ ಯಂತ್ರ. ಇನ್ನೊಂದು, ರೇಡಿಯೋ ತರಂಗಗಳ ಜಾತಿಗೇ ಸೇರಿದ ಮಿಲಿಮೀಟರ್ ತರಂಗದ ಯಂತ್ರ. ಎರಡಕ್ಕೂ ಬಟ್ಟೆ ಅಡ್ಡ ಬರಲ್ಲ. ಬಟ್ಟೆಯ ಕೆಳಗಿನ ಮೈಯ ಆಕಾರ ಇನ್ನೊಂದು ಕೋಣೆಯಲ್ಲಿ ಕೂತ ಸಿಬ್ಬಂದಿಯ ಪರದೆಯ ಮೇಲೆ ಮೂಡುತ್ತಿತ್ತು. ನಮ್ಮ ಪರದೆ ಮೈಯನ್ನು ಮುಚ್ಚೋಕೆ, ಅವರ ಪರದೆ ಮೈಯನ್ನು ತೋರಿಸೋಕೆ!

ಬ್ರಿಟನ್ನಿನಲ್ಲಿ ಇನ್ನೊಂದು ತೊಡಕು ಬಂತು. ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ ಪ್ರಯೋಗ ಶುರುವಾದಾಗ 18 ವರ್ಷದೊಳಗಿನವರನ್ನು ಹೊರಗಿಟ್ಟರು, ಯಾಕಂದ್ರೆ ಮಕ್ಕಳ ಇಂಥ ಚಿತ್ರ ಮೂಡಿಸೋದೇ ಅಲ್ಲಿನ ಮಕ್ಕಳ ರಕ್ಷಣಾ ಕಾನೂನಿನ ಪ್ರಕಾರ ಅಪರಾಧ ಆಗಬಹುದಿತ್ತು. ಒಂದು ಯಂತ್ರ ಮಗುವಿಗೆ ಮಾಡಬಾರದ್ದನ್ನು ದೊಡ್ಡವರಿಗೆ ಮಾಡಬಹುದಾ ಅನ್ನೋ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಚಿತ್ರಗಳನ್ನು ಉಳಿಸಿಕೊಳ್ಳಲ್ಲ, ಉಳಿಸಿಕೊಳ್ಳೋಕೆ ಆಗೋದೇ ಇಲ್ಲ ಅಂತ ಅಮೆರಿಕದ ಭದ್ರತಾ ಸಂಸ್ಥೆ ಟಿಎಸ್ಎ ಹೇಳುತ್ತಿತ್ತು. ಎಪಿಕ್ ಅನ್ನೋ ಖಾಸಗಿತನದ ಹೋರಾಟದ ಸಂಸ್ಥೆ ಕಾನೂನಿನ ಮೂಲಕ ದಾಖಲೆ ತರಿಸಿಕೊಂಡು ನೋಡಿದಾಗ, ಟೆಸ್ಟ್ ಮೋಡಿನಲ್ಲಿ ಚಿತ್ರ ಉಳಿಸುವ, ಕಳಿಸುವ ಸೌಲಭ್ಯ ಇರಬೇಕು ಅಂತ ಸಂಸ್ಥೆಯ ಸ್ಪೆಸಿಫಿಕೇಶನ್‌ನಲ್ಲೇ ಬರೆದಿತ್ತು. ಫ್ಲಾರಿಡಾದ ಆರ್ಲ್ಯಾಂಡೋ ನ್ಯಾಯಾಲಯದ ಬಾಗಿಲಲ್ಲಿ ಮಾರ್ಷಲ್‌ಗಳು ಇಟ್ಟಿದ್ದ ಇದೇ ಥರದ ಯಂತ್ರದಲ್ಲಿ ಸುಮಾರು 35,000 ಚಿತ್ರಗಳು ಉಳಿದುಕೊಂಡಿದ್ದವು ಅಂತ 2010ರಲ್ಲಿ ಬಯಲಾಯಿತು. ಪ್ರೊಡಕ್ಷನ್‌ನಲ್ಲಿ ಆ ಫೀಚರ್ ಆಫ್ ಮಾಡಿದ್ದೀವಿ ಸಾರ್ ಅನ್ನೋ ಮಾತನ್ನು ನಮ್ಮ ವೃತ್ತಿಯಲ್ಲಿ ಎಷ್ಟು ಸಲ ಕೇಳಿಲ್ಲ ಹೇಳಿ. ಸೌಲಭ್ಯ ಇದ್ದ ಮೇಲೆ ಅದು ಯಾವತ್ತೋ ಒಂದಿನ ಆನ್ ಆಗುತ್ತೆ.

2010ರ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೋ ನಿಲ್ದಾಣದಲ್ಲಿ ಒಬ್ಬ ಸ್ಕ್ಯಾನರ್ ಬೇಡ ಅಂದ. ಹಾಗಾದ್ರೆ ಮೈ ತಡವುತ್ತೇವೆ ಅಂದರು. ತೊಡೆಸಂದಿಯ ತನಕ ಕೈ ಹಾಕೋದಾದ್ರೆ ನಾನು ಸುಮ್ಮನಿರಲ್ಲ ಅಂತ ಅವನು ವಿಮಾನವನ್ನೇ ಬಿಟ್ಟು ಹೊರಟ. ಹೊರಡೋಕೂ ಬಿಡದೆ, ದಂಡ ಹಾಕುತ್ತೇವೆ ಅಂತ ಗದರಿಸಿದರು. ಇದೆಲ್ಲ ಅವನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ದೇಶವೆಲ್ಲ ಕೇಳಿಸಿಕೊಂಡಿತು. ಅವನೂ ನಮ್ಮ ಥರ ಸಾಫ್ಟ್‌ವೇರಿನವನೇ.

ಎಪಿಕ್ ಹೂಡಿದ ಮೊಕದ್ದಮೆಯಲ್ಲಿ 2011ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅರ್ಧ ಅರ್ಧ ತೀರ್ಪು ಕೊಟ್ಟಿತು. ಸ್ಕ್ಯಾನರ್ ಸಂವಿಧಾನಕ್ಕೆ ವಿರುದ್ಧ ಅಲ್ಲ, ಬೇಡ ಅಂದವರಿಗೆ ಕೈಯಿಂದ ತಪಾಸಣೆಯ ದಾರಿ ಇದೆಯಲ್ಲ. ಆದರೆ ಜನರನ್ನು ಕೇಳದೆ, ಅಭಿಪ್ರಾಯ ಆಹ್ವಾನಿಸದೆ ಇಷ್ಟು ದೊಡ್ಡ ನಿಯಮ ತಂದದ್ದು ತಪ್ಪು, ಈಗಲಾದರೂ ಕೇಳಿ. ನೋಡಿ, ಅಮ್ಮನ ದೂರೂ ಇದೇ ತಾನೇ? ಮುಟ್ಟಿದ್ದಕ್ಕಲ್ಲ, ಕೇಳದೆ ಮುಟ್ಟಿದ್ದಕ್ಕೆ.

ನಿಜವಾದ ಪರಿಹಾರ ಬಂದದ್ದು ಕೋರ್ಟಿನಿಂದಲ್ಲ, ಸಾಫ್ಟ್‌ವೇರಿನಿಂದ. ಸಿಬ್ಬಂದಿಗೆ ಬೇಕಾಗಿದ್ದಾದರೂ ಏನು? ಈ ಮೈಮೇಲೆ ಎಲ್ಲಾದರೂ ಇರಬಾರದ ವಸ್ತು ಇದೆಯಾ, ಇದ್ದರೆ ಎಲ್ಲಿ ಅನ್ನೋ ಎರಡೇ ಮಾಹಿತಿ. ಅದಕ್ಕೆ ಇಡೀ ಮೈಯ ಚಿತ್ರ ಮನುಷ್ಯನಿಗೆ ಯಾಕೆ ಕಾಣಬೇಕು? ಯಂತ್ರವೇ ಚಿತ್ರವನ್ನು ಓದಿ, ಎಲ್ಲರಿಗೂ ಒಂದೇ ಥರ ಇರುವ ಗೊಂಬೆಯ ಗೆರೆಚಿತ್ರದ ಮೇಲೆ ಹಳದಿ ಚೌಕ ಹಾಕಿ ತೋರಿಸಿದರೆ ಸಾಕಲ್ಲ? 2011ರಿಂದ ಮಿಲಿಮೀಟರ್ ತರಂಗದ ಯಂತ್ರಗಳಿಗೆ ಈ ಸಾಫ್ಟ್‌ವೇರ್ ಬಂತು. 2012ರಲ್ಲಿ ಅಮೆರಿಕದ ಸಂಸತ್ತು ಎಲ್ಲ ಯಂತ್ರಗಳಲ್ಲೂ ಇದು ಇರಲೇಬೇಕು ಅಂತ ಕಾನೂನು ಮಾಡಿ ಗಡುವು ಕೊಟ್ಟಿತು. ಬ್ಯಾಕ್‌ಸ್ಕ್ಯಾಟರ್ ಯಂತ್ರ ಮಾಡುತ್ತಿದ್ದ ರ‍್ಯಾಪಿಸ್ಕ್ಯಾನ್ ಕಂಪನಿಗೆ ಗಡುವಿನೊಳಗೆ ಆ ಕೋಡ್ ಕೊಡಲು ಆಗಲಿಲ್ಲ. 2013ರಲ್ಲಿ ನಿಲ್ದಾಣಗಳಲ್ಲಿ ಉಳಿದಿದ್ದ 174 ಯಂತ್ರಗಳನ್ನೂ ಕಿತ್ತು ಹೊರಗೆ ಸಾಗಿಸಿದರು. ಯುರೋಪ್ ಒಕ್ಕೂಟ ಆರೋಗ್ಯದ ಕಾರಣಕ್ಕೆ ಎಕ್ಸ್‌ರೇ ಸ್ಕ್ಯಾನರ್‌ಗಳನ್ನು 2011ರಲ್ಲೇ ಹೊರಗಿಟ್ಟಿತ್ತು.

1973ರ ಆ ಸಾಲು ನೆನಪಾಯ್ತಾ? ಇವತ್ತಿನ ತಂತ್ರಜ್ಞಾನದಲ್ಲಿ ಎಷ್ಟು ಬೇಕೋ ಅಷ್ಟೇ. ಕಡಿಮೆ ನೋಡಿಯೂ ಕೆಲಸ ಆಗುತ್ತೆ ಅಂತ ಗೊತ್ತಾದ ದಿನದಿಂದ ಹೆಚ್ಚು ನೋಡೋದು ಭದ್ರತೆ ಅಲ್ಲ, ಚಾಳಿ.

ಹೆಚ್ಚು ನೋಡಿದರೆ ಹೆಚ್ಚು ಭದ್ರತೆ ಸಿಗುತ್ತೆ ಅನ್ನೋದೂ ಖಾತ್ರಿ ಇರಲಿಲ್ಲ. ಹಳೆಯ ಬ್ಯಾಕ್‌ಸ್ಕ್ಯಾಟರ್ ಯಂತ್ರವೊಂದನ್ನು ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು ಇಬೇಯಲ್ಲಿ ಕೊಂಡು ಪರೀಕ್ಷೆ ಮಾಡಿದರು. 2014ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಯಂತ್ರದ ರೀತಿ ತಿಳಿದವನು ಸರಿಯಾದ ಜಾಗದಲ್ಲಿ ಇಟ್ಟುಕೊಂಡರೆ ಬಂದೂಕನ್ನೇ ಅದರ ಕಣ್ಣು ತಪ್ಪಿಸಿ ಒಯ್ಯಬಹುದಿತ್ತು. ಮೈ ಪೂರ್ತಿ ಕಾಣುತ್ತಿತ್ತು, ಬಂದೂಕು ಕಾಣುತ್ತಿರಲಿಲ್ಲ! 2015ರಲ್ಲಿ ಅಮೆರಿಕದ ಸರ್ಕಾರವೇ ವೇಷ ಮರೆಸಿದ ತನಿಖಾ ತಂಡ ಕಳಿಸಿ ತನ್ನ ನಿಲ್ದಾಣಗಳನ್ನು ಪರೀಕ್ಷಿಸಿದಾಗ 70ರಲ್ಲಿ 67 ಸಲ ನಕಲಿ ಬಾಂಬು, ಆಯುಧಗಳು ಒಳಗೆ ದಾಟಿದವು ಅಂತ ವರದಿಯಾಯಿತು. ಟಿಎಸ್ಎಯ ಹಂಗಾಮಿ ಮುಖ್ಯಸ್ಥರನ್ನು ಆ ಜಾಗದಿಂದ ಎತ್ತಂಗಡಿ ಮಾಡಿದರು. ಭದ್ರತೆ ಒಂದು ತಟ್ಟೆ, ಖಾಸಗಿತನ ಇನ್ನೊಂದು ತಟ್ಟೆ, ಒಂದು ಇಳಿದರೆ ಇನ್ನೊಂದು ಏರುತ್ತೆ ಅನ್ನೋ ತಕ್ಕಡಿಯ ಲೆಕ್ಕ ಅಷ್ಟು ಸರಳ ಅಲ್ಲ. ಎರಡನ್ನೂ ಒಟ್ಟಿಗೇ ಕಳೆದುಕೊಳ್ಳೋಕೂ ಸಾಧ್ಯ ಇದೆ.

ಹಾಗಂತ ಗೊಂಬೆಯ ಚಿತ್ರ ಎಲ್ಲರ ಸಮಸ್ಯೆಯನ್ನೂ ಬಗೆಹರಿಸಿತು ಅಂತಲೂ ಅಲ್ಲ. ಆ ಯಂತ್ರದ ಮುಂದೆ ಕೂತ ಸಿಬ್ಬಂದಿ, ಬರುವವರನ್ನು ನೋಡಿ ಗಂಡೋ ಹೆಣ್ಣೋ ಅಂತ ನೀಲಿ ಅಥವಾ ಗುಲಾಬಿ ಗುಂಡಿ ಒತ್ತಬೇಕಿತ್ತು. ಎರಡು ಗುಂಡಿಗಳಲ್ಲಿ ಯಾವುದಕ್ಕೂ ಸೇರದ ಮೈಗೆ ಯಂತ್ರ ಪ್ರತಿ ಸಲವೂ ಹಳದಿ ಚೌಕ ಹಾಕುತ್ತಿತ್ತು. ಗುಂಡಿ ಬೇಡದ ಹೊಸ ಸಾಫ್ಟ್‌ವೇರ್ ಬರೋಕೆ 2023 ಆಯಿತು. ಪೇಟ, ದಪ್ಪ ಜಡೆ, ಕೃತಕ ಕಾಲು ಇವೂ ಹೀಗೇ ಚೌಕಕ್ಕೆ ಸಿಕ್ಕಿಬೀಳುವಂಥವು.

ಕೃತಕ ಕಾಲು ಅಂದಾಗ ಸುಧಾ ಚಂದ್ರನ್ ನೆನಪಾಗಬೇಕು. ಅಪಘಾತದಲ್ಲಿ ಕಾಲು ಕಳೆದುಕೊಂಡು, ಜೈಪುರ ಕಾಲು ಕಟ್ಟಿಕೊಂಡು ಮತ್ತೆ ಭರತನಾಟ್ಯ ಆಡಿದವರು. 2021ರ ಅಕ್ಟೋಬರ್‌ನಲ್ಲಿ ಅವರು ಒಂದು ವಿಡಿಯೋ ಮಾಡಿ ಪ್ರಧಾನಿಗೇ ಮನವಿ ಮಾಡಿಕೊಂಡರು. ಪ್ರತಿ ಸಲ ನಿಲ್ದಾಣದಲ್ಲಿ ಕಾಲು ಬಿಚ್ಚಿ ತೋರಿಸು ಅಂತಾರೆ, ಇದು ನೋವಿನ ವಿಷಯ ಅಂತ. ಸಿಐಎಸ್ಎಫ್ ಕ್ಷಮೆ ಕೇಳಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜೀಜಾ ಘೋಷ್ ಅವರು ವರ್ಷಗಳ ಹಿಂದೆ ಹೂಡಿದ್ದ ಪ್ರಕರಣದಲ್ಲಿ, ಅಂಗವಿಕಲರ ಕೃತಕ ಕಾಲು, ಕ್ಯಾಲಿಪರ್‌ಗಳನ್ನು ಬಿಚ್ಚಿಸಬಾರದು, ಅವರ ಘನತೆ ಉಳಿಸಿಕೊಂಡೇ ತಪಾಸಣೆ ನಡೆಯಬೇಕು ಅಂದಿತು. ನನಗೆ ನಿಮಗೆ ಬೆಲ್ಟ್ ಬಿಚ್ಚೋದು ಒಂದು ಕಿರಿಕಿರಿ, ಅಷ್ಟೇ. ಇನ್ನೊಬ್ಬರಿಗೆ ಅದೇ ಸಾಲಿನಲ್ಲಿ ಕಾಲು ಬಿಚ್ಚೋದು. ತಪಾಸಣೆಯ ಬೆಲೆಯನ್ನು ಎಲ್ಲರೂ ಸಮವಾಗಿ ಕೊಡುತ್ತಿಲ್ಲ.

ಈ ಬೆಲೆಯನ್ನು ಅಳೆಯೋಕೆ ನಮಗೊಂದು ಅಳತೆಗೋಲು ಸಿಕ್ಕಿದ್ದು ಕರ್ನಾಟಕದವರೊಬ್ಬರ ಹೆಸರಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರ ತೀರ್ಪು ಬಂತು. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಸರ್ಕಾರ ಅದನ್ನು ಮೊಟಕು ಮಾಡಬಹುದು, ಆದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಅಂದರೆ ಪದವಿಯ ಸೌಲಭ್ಯವಾಗಿದ್ದ ಮೈಯ ಮರ್ಯಾದೆ ಅವತ್ತು, ಕಾಗದದ ಮೇಲಾದರೂ, ಎಲ್ಲರ ಹಕ್ಕಾಯಿತು.

ಎರಡು ವರ್ಷದ ನಂತರ, 2019ರ ಏಪ್ರಿಲ್‌ನಲ್ಲಿ, ಬಿಸಿಎಎಸ್ 84 ಸೂಕ್ಷ್ಮ ನಿಲ್ದಾಣಗಳಲ್ಲಿ ಬಾಡಿ ಸ್ಕ್ಯಾನರ್ ಹಾಕಿ ಅಂತ ಆದೇಶ ಕೊಟ್ಟಿತು. 2020ರ ಮಾರ್ಚ್ ಗಡುವು ಹಾಗೇ ದಾಟಿಹೋಯಿತು. ಯಂತ್ರಗಳು ನಿಧಾನಕ್ಕೆ ಬರುತ್ತಿವೆ. ಬರಲಿ, ನನಗೆ ತಕರಾರಿಲ್ಲ. ತಡವಾಗಿ ಬಂದದ್ದರಿಂದ ಒಂದು ಲಾಭವೂ ಇದೆ, ಬೆತ್ತಲೆ ಚಿತ್ರ ತೋರಿಸುವ ಯಂತ್ರಗಳ ಕಾಲ ಅಷ್ಟರಲ್ಲಿ ಮುಗಿದಿತ್ತು. ಆದರೆ ಯಂತ್ರ ಬಂದ ಮೇಲೆ ಕೈ ಕಡಿಮೆ ಆಗಬೇಕು. ಸ್ಕ್ಯಾನರ್ ದಾಟಿದ ಮೇಲೂ ಎಲ್ಲರನ್ನೂ ಮೊದಲಿನ ಹಾಗೇ ತಡವುವುದಾದರೆ ನಾವು ಎರಡು ಸಲ ಬೆಲೆ ಕೊಟ್ಟ ಹಾಗೆ.

ಅಷ್ಟರಲ್ಲಿ ಪ್ರಶ್ನೆ ಮೈಯಿಂದ ಮುಖಕ್ಕೆ ಸರಿದಿದೆ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಡಿಜಿಯಾತ್ರಾ ಶುರುವಾಯಿತು. ಮುಖ ತೋರಿಸಿದರೆ ಗೇಟು ತೆರೆಯುತ್ತೆ. ಸಾಲು ಚಿಕ್ಕದು, ನಮ್ಮಂಥವರಿಗೆ ಅಚ್ಚುಮೆಚ್ಚು. ಕಡ್ಡಾಯ ಅಲ್ಲ, ಮಾಹಿತಿ ನಿಮ್ಮ ಫೋನಿನಲ್ಲೇ ಇರುತ್ತೆ, ನಿಲ್ದಾಣದ ವ್ಯವಸ್ಥೆಯಿಂದ ಒಂದು ದಿನದಲ್ಲಿ ಅಳಿಸಿಹೋಗುತ್ತೆ ಅಂತ ನಡೆಸುವವರು ಹೇಳುತ್ತಾರೆ. ಇರಬಹುದು. ಆರ್ಲ್ಯಾಂಡೋದ 35,000 ಚಿತ್ರಗಳ ಕತೆ ಗೊತ್ತಿರುವವನು ಅದನ್ನು ಹೊರಗಿನವರು ಯಾರಾದರೂ ಆಡಿಟ್ ಮಾಡಿ ತೋರಿಸಲಿ ಅಂತ ಕೇಳಿದರೆ ತಪ್ಪೇನಿಲ್ಲ. ಒಳಚಡ್ಡಿಯ ಬಾಂಬಿನಿಂದ ಹುಟ್ಟಿದ ಯಂತ್ರಕ್ಕೆ ಒಂದು ಕಾರಣವಾದರೂ ಇತ್ತು. ಮುಖ ಗುರುತಿಸುವ ಯಂತ್ರ ಬಂದದ್ದು ಸಾಲು ಬೇಗ ಕರಗಲಿ ಅಂತ. ಭಯಕ್ಕೆ ಕೊಟ್ಟದ್ದನ್ನು ಭಯ ಹೋದ ಮೇಲೆ ವಾಪಸ್ ಕೇಳಬಹುದು. ಅನುಕೂಲಕ್ಕೆ ಕೊಟ್ಟದ್ದನ್ನು ಯಾರೂ ವಾಪಸ್ ಕೇಳಲ್ಲ.

ಒಮ್ಮೆ ಬಂದ ನಿಯಮ ಹೋಗೋದೇ ಇಲ್ಲ ಅಂತ ಕೈಚೆಲ್ಲುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಕೈಚೀಲಕ್ಕೆ ಕಾಗದದ ಟ್ಯಾಗ್ ಕಟ್ಟಿಸಿಕೊಂಡು, ಅದರ ಮೇಲೆ ಸೀಲ್ ಬಿದ್ದಿದೆಯಾ ಅಂತ ವಿಮಾನದ ಬಾಗಿಲ ತನಕ ನೋಡಿಕೊಳ್ಳುತ್ತಿದ್ದದ್ದು ನೆನಪಿದೆಯಾ? 2017ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ ಏಳು ನಿಲ್ದಾಣಗಳಲ್ಲಿ ಅದನ್ನು ಕೈಬಿಟ್ಟರು, ಆಕಾಶ ಕೆಳಗೆ ಬೀಳಲಿಲ್ಲ. 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂನಲ್ಲಿ ಬಾಂಬ್ ಇಟ್ಟುಕೊಂಡು ಬಂದ ಮೇಲೆ ಅಮೆರಿಕದಲ್ಲಿ ಶುರುವಾದ ಶೂ ಬಿಚ್ಚುವ ಪದ್ಧತಿಯನ್ನು 2025ರ ಜುಲೈನಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತು. ಬೇರೆ ಯಂತ್ರ, ಬೇರೆ ವಿಧಾನ ಬಂದಿದೆ, ಇನ್ನು ಇದು ಬೇಡ ಅಂದರು.

ಹಾಗಾಗಿ ನಾವು ಕೇಳಬೇಕಾದ್ದು ತಪಾಸಣೆ ಬೇಕೋ ಬೇಡವೋ ಅಂತಲ್ಲ. ಆ ಪ್ರಶ್ನೆಗೆ 1973ರಲ್ಲೇ ಉತ್ತರ ಸಿಕ್ಕಿದೆ, ಕನಿಷ್ಕ ಮತ್ತು ಕಂದಹಾರ್ ನೋಡಿದ ದೇಶದಲ್ಲಂತೂ ಅದನ್ನು ಮತ್ತೆ ಕೇಳುವ ಅಗತ್ಯ ಇಲ್ಲ. ಕೇಳಬೇಕಾದ್ದು ಸಣ್ಣ ಸಣ್ಣ ಪ್ರಶ್ನೆಗಳು. ಇದಕ್ಕಿಂತ ಕಡಿಮೆ ನೋಡಿ ಇದೇ ಕೆಲಸ ಆಗುತ್ತಾ? ನೋಡಿದ್ದನ್ನು ಎಲ್ಲಿ ಇಡುತ್ತೀರಿ? ಹೆಂಗಸರ ಸಾಲಿಗೆ ಪರದೆ ಒಂದೇ ಯಾಕೆ, ಹತ್ತು ಗಂಡಸರು ದಾಟುವಷ್ಟರಲ್ಲಿ ಮೂರು ಹೆಂಗಸರು ಯಾಕೆ ದಾಟುತ್ತಾರೆ? ಕಾಲು ಬಿಚ್ಚದೆ ನೋಡುವ ಯಂತ್ರ ಈ ನಿಲ್ದಾಣದಲ್ಲಿ ಇದೆಯಾ? ಮುಟ್ಟುವ ಮೊದಲು ಒಂದು ಮಾತು ಕೇಳಿ ಅಂತ ಸಿಬ್ಬಂದಿಗೆ ತರಬೇತಿಯಲ್ಲಿ ಹೇಳಿಕೊಡುತ್ತೀರಾ?

ಕೊನೆಯದಕ್ಕೆ ಯಾವ ಯಂತ್ರವೂ ಬೇಡ, ಬಜೆಟ್ಟೂ ಬೇಡ. ದಿನಕ್ಕೆ ಸಾವಿರಾರು ಮೈ ತಡವುವ ಆ ಸಿಬ್ಬಂದಿಯ ಕೆಲಸವೇನೂ ಸುಖದ್ದಲ್ಲ, ಅವರಿಗೂ ಸೊಂಟ ನೋಯುತ್ತೆ, ಅವರನ್ನೂ ಜನ ಸಿಡಿಮಿಡಿಯಿಂದಲೇ ನೋಡುತ್ತಾರೆ. ಮುಂದಿನ ಸಲ ಮಣೆ ಹತ್ತಿದಾಗ ನಾವೇ ಮೊದಲು ಒಂದು ನಮಸ್ಕಾರ ಹೇಳಬಹುದು. ಅವರು ಒಂದು ‘ಸ್ವಲ್ಪ ತಿರುಗಿ’ ಅಂದರೆ ಸಾಕು. ಎರಡೂ ಕಡೆ ಇರೋದು ಮನುಷ್ಯರು ಅಂತ ಇಬ್ಬರಿಗೂ ನೆನಪಿರುತ್ತೆ.